ವಿಷ್ಣುಕ್ರಾಂತಿ ಗಿಡ ಆನ್‌ಲೈನಲ್ಲಿ ತರಿಸುವವರು ಇದನ್ನೊಮ್ಮೆ ಓದಿ, ನನ್ನ 2,650 ರೂಪಾಯಿ ಹೋಯ್ತು

ಮೊದಲೇ ಹೇಳಿಬಿಡುತ್ತೇನೆ, ದುಡ್ಡು ಹೋಗಿದ್ದಕ್ಕಿಂತ ನನ್ನ ದಡ್ಡತನಕ್ಕೇ ಜಾಸ್ತಿ ಹೊಟ್ಟೆ ಉರಿಯುತ್ತಿದೆ. ವಿಷ್ಣುಕ್ರಾಂತಿ ನಾನು ಕಾಣದ ಗಿಡ ಅಲ್ಲ. ಶಿರಾ ಕಡೆಯ ನಮ್ಮೂರ ಗುಡ್ಡದಲ್ಲಿ, ಬಂಡೆ ಸಂದಿಯಲ್ಲಿ, ನೆಲಕ್ಕೆ ಅಂಟಿಕೊಂಡು ಹರಡಿರುತ್ತಿತ್ತು. ಬೆಳಿಗ್ಗೆ ಹೋದರೆ ನೀಲಿ ಹೂ, ಬಿಸಿಲೇರಿದ ಮೇಲೆ ಹೋದರೆ ಎಲ್ಲ ಮುದುಡಿ ಬರೀ ಹುಲ್ಲಿನ ಹಾಗೆ. ಗಣೇಶನ ಹಬ್ಬದ 21 ಪತ್ರೆಯಲ್ಲಿ ಅದೂ ಒಂದು. ಚಿಕ್ಕವಳಿದ್ದಾಗ ಅದನ್ನು ಕಿತ್ತು ತಂದವಳು ನಾನು. ಅಂಥವಳಿಗೇ ಟೋಪಿ ಹಾಕಿದರು.

ತುಮಕೂರಲ್ಲಿ ಮನೆ ಕಟ್ಟಿದಾಗ ಪಾಯಕ್ಕೆ ತಂದ ಸೈಜುಗಲ್ಲು ಒಂದಷ್ಟು ಉಳಿದಿತ್ತು. ಸಾಗಿಸೋಕೆ ಟ್ರ್ಯಾಕ್ಟರಿನವನು ಕೇಳಿದ ದುಡ್ಡು ನೋಡಿ, ಇಲ್ಲೇ ಇರಲಿ ಅಂತ ಮುಂದೆಯೇ ಜೋಡಿಸಿ, ಕೆಮ್ಮಣ್ಣಿಗೆ ಅರ್ಧಕ್ಕರ್ಧ ಜಲ್ಲಿಪುಡಿ ಬೆರೆಸಿ, ನೀರು ನಿಲ್ಲದ ಹಾಗೆ ಇಳಿಜಾರು ಮಾಡಿ ಒಂದು ಕಲ್ಲಿನ ತೋಟ ಮಾಡಿಕೊಂಡೆ. ಸಂದಿಯಲ್ಲಿ ನಮ್ಮೂರ ಗುಡ್ಡದ ಹೂವೇ ಇರಲಿ ಅಂತ ಆಸೆ. ಗೊಬ್ಬರ ಬೇಡ, ದಿನಾ ನೀರು ಬೇಡ, ಬಿಸಿಲಿದ್ದರೆ ಸಾಕು.

ಮೊಬೈಲಲ್ಲಿ ಒಬ್ಬರು ಗಿಡ ಮಾರುವವರು ಸಿಕ್ಕರು. 'ಅಪ್ಪಟ ದೇಸಿ ವಿಷ್ಣುಕ್ರಾಂತಿ' ಅಂತ ಹಾಕಿದ್ದರು. ಫೋಟೋ ಮಾತ್ರ ಸರಿಯಾದ್ದೇ, ಅದನ್ನು ಎಲ್ಲಿಂದ ಎತ್ತಿದ್ದರೋ. ನಾನೂ ಸುಮ್ನೆ ಆರ್ಡರ್ ಮಾಡಿದವಳಲ್ಲ. "ನಮ್ಮ ಗುಡ್ಡಗಳಲ್ಲಿ ತಾನಾಗಿ ಬೆಳೆಯುತ್ತಲ್ಲ, ಅದೇನಾ?" ಅಂತ ಕೇಳಿದೆ. "ಅದೇ ಮೇಡಂ, 100% ದೇಸಿ." ಸಸ್ಯಶಾಸ್ತ್ರದ ಹೆಸರು ಕೇಳಿದೆ. "ಇವೊಲ್ವುಲಸ್ ಮೇಡಂ." ಗೂಗಲ್ ಮಾಡಿ ನೋಡಿದರೆ ವಿಷ್ಣುಕ್ರಾಂತಿ ಇವೊಲ್ವುಲಸ್ಸೇ. ಸಮಾಧಾನ ಆಯ್ತು. ಮನೆತನದ ಹೆಸರು ಕೇಳಿ ಹುಡುಗನ ಹೆಸರು ಕೇಳದೆ ಹೆಣ್ಣು ಕೊಟ್ಟ ಹಾಗೆ! ಒಂದಕ್ಕೆ 150ರಂತೆ 12 ಗಿಡ, ಕೊರಿಯರಿಗೆ 250. ಒಟ್ಟು 2,050 ಕಳಿಸಿದೆ.

ಗಿಡ ಚೆನ್ನಾಗಿಯೇ ಬಂತು. ಚೆನ್ನಾಗಿಯೇ ಬೆಳೆಯಿತು ಕೂಡ. ತಿಂಗಳಲ್ಲಿ ಹೂ. ಹೂ ನೋಡಿದಾಗ ಒಂದು ಕ್ಷಣ ಅನುಮಾನ ಬಂದದ್ದು ನಿಜ, ಸುಳ್ಳು ಹೇಳಲ್ಲ. ಇಷ್ಟು ದೊಡ್ಡದಿತ್ತಾ? ಆಮೇಲೆ ನಾನೇ ಸಮಾಧಾನ ಮಾಡಿಕೊಂಡೆ, ಮಣ್ಣು ಚೆನ್ನಾಗಿ ಹದ ಮಾಡಿದ್ದೀನಲ್ಲ ಅದಕ್ಕೇ ಇರಬೇಕು ಅಂತ. ಮನೆಯವರ ವಾಟ್ಸಾಪ್ ಗ್ರೂಪಿಗೆ ಫೋಟೋ ಹಾಕಿ 'ನಮ್ಮೂರ ಗುಡ್ಡ ನಮ್ಮ ಅಂಗಳಕ್ಕೆ ಬಂತು' ಅಂತ ಬೇರೆ ಬರೆದೆ. ಅಷ್ಟಕ್ಕೇ ನಿಲ್ಲಿಸಿದೆನಾ? ಹಬ್ಬದ ಹಿಂದಿನ ದಿನ ಬೀದಿಯ ನಾಲ್ಕು ಮನೆಗೆ ಪತ್ರೆ ಅಂತ ಕಿತ್ತು ಹಂಚಿದೆ. ಈಗಲೂ ಆ ಮನೆಯವರು ಎದುರಿಗೆ ಸಿಕ್ಕರೆ ನಾನು ಗೇಟಿನ ಕಡೆ ತಿರುಗಿ ನಿಲ್ಲುತ್ತೇನೆ.

ಹಬ್ಬದ ಬೆಳಿಗ್ಗೆ ಊರಿಂದ ದೊಡ್ಡಮ್ಮ ಬಂದರು. ಒದ್ದೆ ಬಟ್ಟೆಯಲ್ಲಿ ಪತ್ರೆ ಕಟ್ಟಿ ತಂದಿದ್ದರು. ನಾನು ದೊಡ್ಡ ಸಾಧನೆ ಮಾಡಿದವಳ ಹಾಗೆ ಅವರನ್ನು ಕಲ್ಲಿನ ಹತ್ತಿರ ಕರೆದುಕೊಂಡು ಹೋದೆ. ಬಗ್ಗಿ ನೋಡಿದರು. ಒಂದು ಎಲೆ ಕಿತ್ತು ಉಜ್ಜಿದರು.

"ಏನೇ ಇದು?"

"ವಿಷ್ಣುಕ್ರಾಂತಿ ದೊಡ್ಡಮ್ಮ."

ಅವರು ಏನೂ ಹೇಳಲಿಲ್ಲ. ಬಟ್ಟೆ ಬಿಚ್ಚಿ ಒಂದು ಎಳೆ ತೆಗೆದು ಪಕ್ಕದಲ್ಲಿಟ್ಟರು. ದಾರದಷ್ಟು ಸಣ್ಣ ಕಡ್ಡಿ, ರೇಷ್ಮೆಯಂಥ ರೋಮ, ಶರ್ಟಿನ ಗುಂಡಿಗಿಂತ ಚಿಕ್ಕ ಹೂ. ನನ್ನದು? ದಪ್ಪ ಕಡ್ಡಿ, ಪೊದೆಯ ಹಾಗೆ ಎದ್ದು ನಿಂತ ಗಿಡ, ಹೆಚ್ಚುಕಡಿಮೆ ಐದು ರೂಪಾಯಿ ನಾಣ್ಯದಷ್ಟು ಹೂ. "ಚೆನ್ನಾಗೈತೆ ಬಿಡು, ಆದ್ರೆ ಅದಲ್ಲ ಕಣೇ" ಅಂದರು. ಆ 'ಚೆನ್ನಾಗೈತೆ ಬಿಡು' ಇದೆಯಲ್ಲ, ಬೈದಿದ್ದರೂ ಪರವಾಗಿರಲಿಲ್ಲ.

ಆಮೇಲೆ ಹುಡುಕಿದರೆ ಗೊತ್ತಾಗಿದ್ದು: ನಮ್ಮದು ಇವೊಲ್ವುಲಸ್ ಆಲ್ಸಿನಾಯ್ಡಿಸ್. ನನ್ನ ಅಂಗಳದಲ್ಲಿದ್ದದ್ದು ಇವೊಲ್ವುಲಸ್ ಗ್ಲೋಮೆರೇಟಸ್, ಬ್ರೆಜಿಲ್ ಕಡೆಯದು, ನರ್ಸರಿಯವರು ಬ್ಲೂ ಡೇಜ್ ಅನ್ನುತ್ತಾರೆ. ಅದೇ ಗಿಡ ನಮ್ಮ ಬೈಪಾಸ್ ರಸ್ತೆ ಪಕ್ಕದ ನರ್ಸರಿಯಲ್ಲಿ 40 ರೂಪಾಯಿ. ನಾನು ಕೊಟ್ಟಿದ್ದು 150. ದೇಸಿ ಅಂತ!

ಮೆಸೇಜ್ ಮಾಡಿದೆ. ಅವರ ಉತ್ತರಗಳನ್ನು ಹಾಗೇ ಹಾಕುತ್ತೇನೆ.

"ಇವೊಲ್ವುಲಸ್ ಅಂತಾನೇ ಹೇಳಿದ್ವಲ್ಲ ಮೇಡಂ."

"ಇದು ಹೈಬ್ರಿಡ್ ವಿಷ್ಣುಕ್ರಾಂತಿ ಮೇಡಂ." ಬೆಳಿಗ್ಗೆ 100% ದೇಸಿ, ಸಂಜೆಗೆ ಹೈಬ್ರಿಡ್.

"ಹೂ ದೊಡ್ಡದಿದ್ರೆ ಒಳ್ಳೇದೇ ಅಲ್ವಾ ಮೇಡಂ?"

ಮೂರನೆಯದನ್ನು ಓದಿ ಫೋನ್ ಮಂಚದ ಮೇಲೆ ಎಸೆದೆ. ಇಷ್ಟಕ್ಕೆ ಬಿಟ್ಟಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು. ಬಿಡಲಿಲ್ಲ. ಎರಡು ದಿನ ಬಿಟ್ಟು ಅವರೇ ಕೇಳಿದರು, "ನಿಮಗೆ ಒರಿಜಿನಲ್ಲೇ ಬೇಕಂದ್ರೆ ಕಾಡಿಂದ ತರಿಸಿಕೊಡ್ತೀವಿ, 600 ಆಗುತ್ತೆ." ನಾನು ಕೊಟ್ಟೆ. ಹೌದು, ಕೊಟ್ಟೆ. ಅದೇ ಮನುಷ್ಯನಿಗೆ. ಯಾವ ಕಾಡು, ಯಾರು ಕೀಳೋಕೆ ಬಿಟ್ಟರು ಅಂತ ಒಂದು ಮಾತೂ ಕೇಳಲಿಲ್ಲ. ದೊಡ್ಡಮ್ಮನ ಮುಂದೆ ಹೋದ ಮಾನ ವಾಪಸ್ ಬಂದರೆ ಸಾಕಾಗಿತ್ತು.

ಈ ಸಲ ಬಂದದ್ದು ನಿಜವಾದ ವಿಷ್ಣುಕ್ರಾಂತಿಯೇ. ಒದ್ದೆ ಪೇಪರ್ ಬಿಚ್ಚಿ ನೋಡಿದರೆ ಬೇರು ಕಿರುಬೆರಳಿನ ಒಂದು ಗೆಣ್ಣಿನಷ್ಟೂ ಇಲ್ಲ. ಈ ಗಿಡದ ಬೇರು ಗಟ್ಟಿ, ಕಟ್ಟಿಗೆಯ ಹಾಗೆ, ಕಲ್ಲಿನ ಸಂದಿಯಲ್ಲಿ ಆಳಕ್ಕೆ ಇಳಿದಿರುತ್ತೆ. ಹಿಡಿದು ಎಳೆದಿದ್ದಾರೆ, ಪಟ್ ಅಂತ ಅಲ್ಲೇ ಮುರಿದಿದೆ. ನೆಟ್ಟೆ, ನೆರಳು ಮಾಡಿದೆ, ಎಂಟು ದಿನಕ್ಕೆ ಎಲ್ಲಾ ಒಣಗಿ ಕಡ್ಡಿ. ಕೇಳಿದರೆ "ನೀರು ಜಾಸ್ತಿ ಹಾಕಿರ್ತೀರಾ ಮೇಡಂ." ಮಾರನೇ ದಿನ "ನೀರು ಕಮ್ಮಿ ಆಗಿರುತ್ತೆ." ಮೂರನೇ ದಿನ ನನ್ನನ್ನು ಬ್ಲಾಕ್ ಮಾಡಿದರು.

ತರಿಸಲೇಬೇಕು ಅನ್ನುವವರು ಹೆಸರಿನ ಎರಡನೇ ಅರ್ಧ ಬರೆಸಿಕೊಳ್ಳಿ, ಆಲ್ಸಿನಾಯ್ಡಿಸ್ ಅಂತ. ಹೂವಿನ ಪಕ್ಕ ಒಂದು ನಾಣ್ಯ ಇಟ್ಟು ಈಗ ತೆಗೆದ ಫೋಟೋ ಕೇಳಿ. ಕಾಡಿಂದ ತರುತ್ತೇವೆ ಅಂದರೆ ಅಲ್ಲಿಗೇ ಫೋನ್ ಇಡಿ. ನಿಮ್ಮ ಪುಣ್ಯಕ್ಕೆ ಊರಲ್ಲಿ ಒಬ್ಬ ದೊಡ್ಡಮ್ಮ ಇದ್ದರೆ ಮೊದಲು ಅವರನ್ನು ಕೇಳಿ, ನನ್ನ ಹಾಗೆ ಕೊನೆಗಲ್ಲ.

ಬ್ರೆಜಿಲ್ಲಿನವು ಈಗಲೂ ಇವೆ. ದಿನಾ ಬೆಳಿಗ್ಗೆ ಮೈತುಂಬಾ ಹೂ ಬಿಟ್ಟು ನನ್ನನ್ನು ಉರಿಸುತ್ತವೆ. ಕಿತ್ತೆಸೆಯೋಕೆ ಮನಸ್ಸು ಬರಲ್ಲ, ಅವೇನು ತಪ್ಪು ಮಾಡಿವೆ. ದೊಡ್ಡಮ್ಮ ಗುಡ್ಡದ ಗಿಡದ ಒಣಗಿದ ಕಾಯಿಗಳನ್ನು ಕ್ಯಾಲೆಂಡರ್ ಹಾಳೆಯಲ್ಲಿ ಮಡಚಿ ಕಳಿಸಿದ್ದರು. ಕಾಳುಮೆಣಸಿಗಿಂತ ಚಿಕ್ಕ ಕಾಯಿ, ಒಳಗೆ ಹೆಚ್ಚೆಂದರೆ ನಾಲ್ಕು ಬೀಜ. ಸಿಪ್ಪೆ ಗಟ್ಟಿ ಅಂತ ಮರಳುಕಾಗದದಲ್ಲಿ ಮೆಲ್ಲಗೆ ಉಜ್ಜಿ ಕಲ್ಲಿನ ಸಂದಿಗೆ ಹಾಕಿದೆ. ಮೂರು ಮೊಳಕೆ ಕಾಣುತ್ತಿವೆ. ಒಂದು ಕಳೆ ಇದ್ದರೂ ಇರಬಹುದು, ಹೂ ಬಿಡುವ ತನಕ ಕೀಳಲ್ಲ. ಗ್ರೂಪಿಗೆ ಫೋಟೋನೂ ಹಾಕಿಲ್ಲ.