ಅಂಚು ಕಲ್ಲಿನ ಮೇಲಿರಲಾ, ಕೆಳಗಿರಲಾ?

ಬೆಂಗಳೂರಿನ ಸಿದ್ದಯ್ಯ ರಸ್ತೆಯ ಅಂಗಡಿಗಳಲ್ಲಿ ನೋಡುತ್ತಾ ಹೋದರೆ ಎಲ್ಲ ವಾಶ್ ಬೇಸಿನ್ನೂ ಚೆಂದವೇ. ಅದನ್ನು ಕೂರಿಸುವ ಗ್ರಾನೈಟ್ ಕೊಯ್ಯುವ ಮೊದಲೇ ತೀರ್ಮಾನ ಆಗಬೇಕಾದ್ದು ಒಂದೇ: ಬೇಸಿನ್ ಕಲ್ಲಿನ ತೂತಿಗೆ ಮೇಲಿಂದ ಇಳಿಸುವುದಾ, ಕಲ್ಲಿನ ಅಡಿಗೆ ಕೂರಿಸುವ ಅಂಡರ್ ಕೌಂಟರಾ?

ಮೇಲಿಂದ ಇಳಿಸುವ ಬೇಸಿನ್‌ನ ಭಾರವನ್ನು ಅದರ ಅಂಚೇ ಹೊರುತ್ತದೆ. ಕಲ್ಲಿನ ತೂತು ಸ್ವಲ್ಪ ಸೊಟ್ಟಗಾದರೂ ಅಂಚಿನಡಿ ಮುಚ್ಚಿಹೋಗುತ್ತದೆ. ಅಂಡರ್ ಕೌಂಟರ್‌ನಲ್ಲಿ ಆ ರಿಯಾಯಿತಿ ಇಲ್ಲ. ಕೊಯ್ದ ಜಾಗ ಕಣ್ಣಿಗೆ ಬೀಳುತ್ತದೆ, ಪಾಲಿಶ್ ಮಾಡಿಸಬೇಕು, ಕೆಳಗಿನಿಂದ ಆಸರೆ ಕೊಡಬೇಕು. ಕೂಲಿ ಜಾಸ್ತಿ.

ಒರೆಸುವುದರಲ್ಲಿ ಮಾತ್ರ ಅಂಡರ್ ಕೌಂಟರೇ ಮೇಲು. ಚೆಲ್ಲಿದ ನೀರನ್ನು ಕೈಯಲ್ಲೇ ಒಳಗೆ ತಳ್ಳಬಹುದು. ಇನ್ನೊಂದರಲ್ಲಿ ಅದು ಅಂಚಿನ ಹೊರಗೇ ನಿಲ್ಲುತ್ತದೆ. ನಮ್ಮನೆಗೆ ಬರುವುದು ಬೋರ್‌ವೆಲ್ ನೀರು, ಗಡಸು. ಎರಡು ದಿನ ಸುಮ್ನೆ ಬಿಟ್ಟರೆ ಅಂಚಿನ ಸುತ್ತ ಬಿಳಿ ಗೆರೆ. ಕಪ್ಪು ಗ್ರಾನೈಟ್ ಮೇಲೆ ಇನ್ನೂ ಎದ್ದು ಕಾಣುತ್ತದೆ. ಉಜ್ಜಲೆಂದೇ ಹಳೇ ಟೂತ್‌ಬ್ರಶ್ ಒಂದನ್ನು ಅಲ್ಲೇ ಇಟ್ಟಿದ್ದೇನೆ.

ಆದರೂ ನನ್ನ ಓಟು ಮೇಲಿಂದ ಇಳಿಸುವುದಕ್ಕೇ. ಹೋದ ವರ್ಷ ಸ್ಟೀಲ್ ಚೊಂಬು ಬಿದ್ದು ನಮ್ಮ ಬೇಸಿನ್ ಸೀಳು ಬಿಟ್ಟಿತು. ಪ್ಲಂಬರ್ ಬಂದು ಸುತ್ತಲಿನ ಸಿಲಿಕಾನ್ ಅಂಟು ಕೊಯ್ದು, ಪೈಪ್ ಬಿಚ್ಚಿ, ಎತ್ತಿಯೇಬಿಟ್ಟರು. ಕಲ್ಲು ಮುಟ್ಟಲೇ ಇಲ್ಲ. ಬಾಡಿಗೆಗೆ ಕೊಡುವ ಮನೆಯಾದರಂತೂ ಇದೇ ಸರಿ ಅಲ್ವಾ?

ಕಲ್ಲಿನ ಮೇಲೆ ಬಟ್ಟಲಿನಂತೆ ಕೂರುವ ಟೇಬಲ್ ಟಾಪ್ ಬೌಲ್ ಬೇಕೆಂದರೆ ಕಲ್ಲನ್ನೇ ತಗ್ಗಿಸಿ ಕೂರಿಸಬೇಕು, ನಲ್ಲಿಯೂ ಉದ್ದನೆಯದು ಬೇಕು. ಚಿಕ್ಕ ಮಕ್ಕಳಿರುವ ಮನೆಗೆ ನಾನಂತೂ ಹೇಳಲ್ಲ.

ಯಾವುದೇ ಆದರೂ ಬೇಸಿನ್ ಮನೆಗೆ ಬಂದ ಮೇಲೇ ಕಲ್ಲು ಕೊಯ್ಯಿಸಿ. ನಲ್ಲಿಯ ತೂತು ಬೇಸಿನ್‌ನಲ್ಲೇ ಇದೆಯಾ, ಕಲ್ಲಿನಲ್ಲಿ ಕೊರೆಯಬೇಕಾ ಅಂತಲೂ ಆಗಲೇ ನೋಡಿಕೊಳ್ಳಿ.