ಮೀನೆಣ್ಣೆ ಕ್ಯಾಪ್ಸೂಲ್, ಅಗಸಿ ಚಟ್ನಿ, ಬೂತಾಯಿ: ಮೂರನ್ನೂ ಮೂರ್ಮೂರು ತಿಂಗಳು ತಿಂದು ನೋಡಿದೆ

ಹೋದ ವರ್ಷ ಜನವರಿಲಿ ಹೆಲ್ತ್ ಚೆಕಪ್ ಮಾಡಿಸ್ದಾಗ ನನ್ನ ಟ್ರೈಗ್ಲಿಸರೈಡ್ (ರಕ್ತದಲ್ಲಿರೋ ಒಂದು ಬಗೆ ಕೊಬ್ಬು) 262 ಬಂತು, ಅದು 150ರ ಒಳಗಿರ್ಬೇಕು. ಡಾಕ್ಟ್ರು ಮಾತ್ರೆ ಬರೀಲಿಲ್ಲ, ಸಕ್ಕರೆ ಮೈದಾ ಕಮ್ಮಿ ಮಾಡಿ, ದಿನಾ ನಡೀರಿ, ಒಮೇಗಾ-3 ಅನ್ನೋ ಒಳ್ಳೆ ಕೊಬ್ಬು ಇರೋದು ತಿನ್ನಿ, ಮೂರು ತಿಂಗಳು ಬಿಟ್ಟು ಮತ್ತೆ ಬ್ಲಡ್ ಟೆಸ್ಟ್ ಮಾಡ್ಸಿ ಅಂದ್ರು. ಒಮೇಗಾ-3 ಅಂದ ತಕ್ಷಣ ಮನೇಲಿ ಎರಡು ಪಕ್ಷ ಆಯ್ತು. ಹಾವೇರಿ ಕಡೆ ನಮ್ಮವ್ವ "ಅಗಸಿ ಚಟ್ನಿ ತಿನ್ನೋ ತಮ್ಮಾ, ಎಲ್ಲಾ ಸರಿ ಹೋಗ್ತದ" ಅಂದ್ಳು. ನನ್ನ ಹೆಂಡತಿ ಉಡುಪಿಯವಳು, "ರೀ, ವಾರಕ್ಕೆರಡು ಸಲ ಬೂತಾಯಿ ಮೀನು ತಿನ್ನಿ ಸಾಕು" ಅಂದ್ಳು. ನಾನು ಮೊದಲು ರಾಜಾಜಿನಗರದಲ್ಲೇ ಮನೆ ಹತ್ರದ ಮೆಡಿಕಲ್ ಶಾಪಿಗೆ ಹೋಗಿ ಮೀನೆಣ್ಣೆ ಕ್ಯಾಪ್ಸೂಲ್ ತಂದೆ.

ಡಬ್ಬಿ ಮುಂದೆ ದೊಡ್ಡದಾಗಿ 1000 ಮಿಲಿಗ್ರಾಂ ಅಂತಿತ್ತು, ಹಿಂದೆ ತಿರುಗಿಸಿ ನೋಡಿದ್ರೆ ಇಪಿಎ 180, ಡಿಎಚ್‌ಎ 120 (ಇವೆರಡೂ ಮೀನಲ್ಲಿರೋ ಒಮೇಗಾ-3ರ ಬಗೆಗಳು), ಅಂದ್ರೆ ನಮಗೆ ಬೇಕಾಗಿರೋದು ಬರೀ 300 ಮಿಲಿಗ್ರಾಂ, ಮಿಕ್ಕಿದ್ದೆಲ್ಲ ಬೇರೆ ಕೊಬ್ಬು. ಯಾವ ಬ್ರ್ಯಾಂಡ್ ತಗೊಂಡ್ರೂ ದಯವಿಟ್ಟು ಈ ಎರಡು ನಂಬರ್ ಕೂಡಿಸಿ ನೋಡಿ. ಒಂದು ಗ್ರಾಂ ಆಗ್ಬೇಕಂದ್ರೆ ದಿನಕ್ಕೆ ಮೂರೋ ನಾಲ್ಕೋ ನುಂಗ್ಬೇಕು, 60ರ ಡಬ್ಬಿ 20 ದಿನ ಬಂದ್ರೆ ಹೆಚ್ಚು. ಮೊದಲ ವಾರ ಬೆಳಿಗ್ಗೆ ಖಾಲಿ ಹೊಟ್ಟೇಲಿ ತಗೊಂಡು ಮಧ್ಯಾಹ್ನದವರೆಗೂ ಮೀನಿನ ತೇಗು, ಮೀಟಿಂಗಲ್ಲಿ ಬಾಯಿ ಬಿಡೋಕಾಗ್ತಿರ್ಲಿಲ್ಲ. ರಾತ್ರಿ ಊಟದ ಮಧ್ಯೆ ತಗೊಳ್ಳೋಕೆ ಶುರು ಮಾಡಿದ್ಮೇಲೆ ನಿಂತೋಯ್ತು, ಕೊಬ್ಬಿನ ಊಟದ ಜೊತೆ ತಗೊಂಡ್ರೆ ಮೈಗೂ ಚೆನ್ನಾಗಿ ಹತ್ತುತ್ತೆ. ಎರಡನೇ ಡಬ್ಬಿದು ಒಂದನ್ನ ಸೂಜಿಲಿ ಚುಚ್ಚಿ ಮೂಸಿದೆ, ಕಮಟು ವಾಸನೆ, ಎಸೆದೆ. ಏಪ್ರಿಲ್ ರಿಪೋರ್ಟ್ 223.

ಕ್ಯಾಪ್ಸೂಲ್ ತಗೊಂಡ್ರೆ ಹಾರ್ಟ್ ಅಟ್ಯಾಕೇ ಬರಲ್ಲ ಅಂತ ನಂಬಿರೋರಿಗೆ ಒಂದು ಮಾತು. 2018ರಲ್ಲಿ ಬಂದ ವೈಟಲ್ ಅನ್ನೋ ಅಮೆರಿಕದ ಸ್ಟಡಿಲಿ ಸುಮಾರು 25,900 ಜನರಲ್ಲಿ ಅರ್ಧ ಜನಕ್ಕೆ ದಿನಕ್ಕೆ 1 ಗ್ರಾಂ ಮೀನೆಣ್ಣೆ ಕೊಟ್ಟು ಐದು ವರ್ಷ ನೋಡಿದ್ರು, ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಎಲ್ಲಾ ಸೇರಿಸಿ ಲೆಕ್ಕ ಹಾಕಿದ್ರೆ ಹೇಳಿಕೊಳ್ಳೋ ವ್ಯತ್ಯಾಸ ಬರ್ಲಿಲ್ಲ. ಟ್ರೈಗ್ಲಿಸರೈಡ್ ಇಳಿಯೋದಂತೂ ನಿಜ, ಆದ್ರೆ ಅದಕ್ಕೆ ಡಾಕ್ಟ್ರು ಕೊಡೋ ಡೋಸ್ ದಿನಕ್ಕೆ 2ರಿಂದ 4 ಗ್ರಾಂ. ಅಷ್ಟು ಡೋಸಲ್ಲಿ ಕೆಲವರಿಗೆ ಹೃದಯದ ಬಡಿತ ತಾಳ ತಪ್ಪೋ ತೊಂದ್ರೆ ಜಾಸ್ತಿಯಾಗಿದ್ದೂ ಕಂಡಿದೆ, ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರಂತೂ ಕೇಳ್ದೆ ಮುಟ್ಬೇಡಿ.

ಮೇ ತಿಂಗಳಿಂದ ಅವ್ವನ ಅಗಸಿ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳೀಲಿ ಯಾಂತ್ರಿಕ ಬೋಟ್ ಕಡಲಿಗೆ ಇಳಿಯಲ್ಲ, ಹಾಗಾಗಿ ಒಳ್ಳೆ ಮೀನೂ ಸಿಗ್ತಿರ್ಲಿಲ್ಲ. ಅಗಸೇಲಿರೋದು ಎಎಲ್‌ಎ ಅನ್ನೋ ಗಿಡದ ಒಮೇಗಾ-3, ಅದು ಅಗತ್ಯ ಕೊಬ್ಬಿನಾಮ್ಲ, ನಮ್ಮ ಮೈ ಅದನ್ನ ತಾನಾಗೇ ತಯಾರು ಮಾಡ್ಕೊಳ್ಳಲ್ಲ. ಒಂದು ದೊಡ್ಡ ಚಮಚ ಪುಡೀಲಿ ಒಂದೂವರೆ ಗ್ರಾಂನಷ್ಟಿರುತ್ತೆ, ಆದ್ರೆ ಮೈಯೊಳಗೆ ಅದರಲ್ಲಿ ಸ್ವಲ್ಪ ಭಾಗ ಮಾತ್ರ ಇಪಿಎ ಆಗುತ್ತೆ, ಡಿಎಚ್‌ಎ ಆಗೋದು ಅದಕ್ಕಿಂತ ಕಮ್ಮಿ. ಇಡೀ ಬೀಜ ನುಂಗಿದ್ರೆ ಹಾಗೇ ಹೊರಗೆ ಹೋಗುತ್ತೆ. ಅವ್ವ ಸಣ್ಣ ಉರೀಲಿ ಚಟಪಟ ಅನ್ನೋವರೆಗೆ ಹುರಿದು ಬೆಳ್ಳುಳ್ಳಿ, ಒಣಮೆಣಸು, ಹುಣಸೆ ಹಾಕಿ ಕುಟ್ಟಿ ವಾರಕ್ಕಾಗುವಷ್ಟೇ ಮಾಡ್ತಾಳೆ, ಜೋಳದ ರೊಟ್ಟಿ ಮೊಸರಿನ ಜೊತೆ ಅದನ್ನ ತಿಂದೋರಿಗೇ ಗೊತ್ತು ಅದರ ರುಚಿ. ವರ್ಷಗಳಿಂದ ಇದ್ದ ಮಲಬದ್ಧತೆ ಎರಡೇ ವಾರದಲ್ಲಿ ಹೋಯ್ತು, ಅಷ್ಟು ನಾರಿದೆ. ಟ್ರೈಗ್ಲಿಸರೈಡ್ ಮಾತ್ರ 217, ಅಲ್ಲೇ ನಿಂತಿತ್ತು.

ಆಗಸ್ಟಲ್ಲಿ ಬೋಟ್ ಇಳಿದ್ವು. ಭಾನುವಾರ ಬೆಳಿಗ್ಗೆ ಆರೂವರೆಗೆಲ್ಲ ಶಿವಾಜಿನಗರದ ರಸೆಲ್ ಮಾರ್ಕೆಟ್‌ಗೆ ಹೋಗ್ತಿದ್ವಿ, ಕಣ್ಣು ಹೊಳೀತಿರೋದು, ಕಿವಿರು ಕೆಂಪಗಿರೋದು ನೋಡಿ ಆರಿಸೋದು ಹೆಂಡತಿ ಕೆಲಸ. ಬೂತಾಯಿ ಕೆಜಿ 200 ರೂಪಾಯಿ ಒಳಗೇ ಸಿಕ್ತು, ಬಂಗುಡೆ ಸ್ವಲ್ಪ ಜಾಸ್ತಿ. 100 ಗ್ರಾಂ ಬೂತಾಯಿಲಿ ಹತ್ತಿರ ಹತ್ತಿರ ಒಂದು ಗ್ರಾಂ ಇಪಿಎ-ಡಿಎಚ್‌ಎ ಇರುತ್ತೆ, ಸೀಸನ್ ಮೇಲೆ ಹೆಚ್ಚುಕಮ್ಮಿ ಆಗುತ್ತೆ, ಜೊತೆಗೆ ಪ್ರೋಟೀನ್, ಮುಳ್ಳು ಸಮೇತ ತಿಂದ್ರೆ ಕ್ಯಾಲ್ಸಿಯಂ. ಎಣ್ಣೇಲಿ ಮುಳುಗಿಸಿ ಕರೀಲಿಲ್ಲ, ಪುಳಿಮುಂಚಿ ಮಾಡಿದ್ವಿ ಇಲ್ಲಾ ತವಾ ಮೇಲೆ ಒಂದು ಚಮಚ ಎಣ್ಣೇಲಿ. ನವೆಂಬರ್ ಶುರುವಲ್ಲಿ 171! ಅಷ್ಟೊತ್ತಿಗೆ ಸಂಜೆ ಬೇಕರಿ ದಿಲ್ ಪಸಂದ್, ಟೀಗೆ ಸಕ್ಕರೆ ಎರಡನ್ನೂ ಬಿಟ್ಟಿದ್ದೆ, ಅದರ ಪಾಲೂ ಇದೆ, ಎಲ್ಲಾ ಮೀನಿಂದಾನೇ ಅನ್ನೋಕಾಗಲ್ಲ.

ಆದ್ರೂ ನನ್ನ ಓಟು ಬೂತಾಯಿಗೇ. ಅಗಸಿ ಚಟ್ನಿನೂ ಬಿಟ್ಟಿಲ್ಲ, ಅದು ಮೀನಿನ ಬದಲಿಗಲ್ಲ ಅಂತ ಗೊತ್ತಿದ್ದೇ ತಿಂತೀನಿ. ಕ್ಯಾಪ್ಸೂಲ್ ಆ ಎರಡು ತಿಂಗಳು ಮೀನು ಸಿಗದಿದ್ದಾಗ ಮಾತ್ರ. ಅವ್ವ ಮೀನು ಮುಟ್ಟಲ್ಲ, ಅವಳಿಗೆ ಡಾಕ್ಟ್ರನ್ನ ಕೇಳಿ ಪಾಚಿ ಎಣ್ಣೆಯ ಡಿಎಚ್‌ಎ ಕ್ಯಾಪ್ಸೂಲ್ ತಂದಿದೀನಿ, ರೇಟು ಜಾಸ್ತಿ. ಮೀನಿಗೂ ಅದು ಸಿಗೋದು ಸಮುದ್ರದ ಪಾಚಿಯಿಂದಾನೇ ಅಂತ ಬಿಡಿಸಿ ಹೇಳಿದ್ಮೇಲೆ "ಹಂಗಾದ್ರ ಅದು ಕಾಯಿಪಲ್ಯೆ ಇದ್ದಂಗ ಆತಲ್ಲ" ಅಂದು ತಗೊಳ್ತಿದ್ದಾಳೆ.