ಬಿತ್ತನೆ ಆಲೂಗೆಡ್ಡೆಯ ಮೊಳಕೆ ತಡೆಯುವ ನಾಲ್ಕು ದಾರಿಗಳು: ಜಗಲಿಯಿಂದ ಗದ್ದೆಯವರೆಗೆ ಕಂಡದ್ದು

ತೀರ್ಥಹಳ್ಳಿಯ ನಮ್ಮ ಕಡೆ ಮಳೆಗಾಲದ ಆಲೂಗೆಡ್ಡೆಯ ಮಾತೇ ಇಲ್ಲ. ಹಾಸನದವರು ಮೇ–ಜೂನ್‌ನಲ್ಲಿ ಬಿತ್ತಿ ಬೆಳೆ ತೆಗೆಯುತ್ತಾರೆ. ಇಲ್ಲಿ ಆ ಹೊತ್ತಿಗೆ ಹಾಕಿದ್ದು ಅಂಗಮಾರಿಗೋ ಕೊಳೆಗೋ ಹೋಗುತ್ತದೆ. ಹಾಗಾಗಿ ಭತ್ತ ಕೊಯ್ದ ಮೇಲೆ, ಡಿಸೆಂಬರ್ ಮೊದಲ ವಾರದಲ್ಲಿ, ಕೆರೆನೀರು ತಲುಪುವ ಒಂದು ಗದ್ದೆಯಲ್ಲಿ ಮನೆಮಟ್ಟಿಗೆ ಹಾಕುತ್ತೇನೆ. ತೊಡಕೆಲ್ಲ ಬೀಜದ್ದು. ಶೈತ್ಯಾಗಾರದಲ್ಲಿ 2ರಿಂದ 4 ಡಿಗ್ರಿ ತಂಪಿನಲ್ಲಿದ್ದ ಜಲಂಧರದ ಕುಫ್ರಿ ಜ್ಯೋತಿ ತಳಿಯ ಬಿತ್ತನೆ ಗಡ್ಡೆ ನನ್ನ ಕೈಸೇರುವುದು ಅಕ್ಟೋಬರ್ ಮಧ್ಯದಲ್ಲಿ, ಗದ್ದೆ ತೆರವಾಗುವುದು ಅದಾದ ಏಳು ವಾರಕ್ಕೆ. ಅಷ್ಟು ದಿನ ಮೊಳಕೆಯನ್ನು ಹಿಡಿದಿಡಬೇಕು, ಬಿತ್ತಿದ ಮೇಲೆ ಅದು ತಡಮಾಡದೆ ಏಳಲೂ ಬೇಕು.

ಕಳೆದ ಸಲ ನೂರು ನೂರು ಗಡ್ಡೆಯ ಮೂರು ಪಾಲು ಮಾಡಿದೆ. ಮೊದಲನೆಯದು ರೂಢಿಯಂತೆ ಅಟ್ಟದ ಕತ್ತಲೆಯಲ್ಲಿ ಗೋಣಿಚೀಲದೊಳಗೆ ಉಳಿಯಿತು. ಬಂದ ಮೊಳಕೆಯನ್ನು ಎರಡು ಬಾರಿ ಕೈಯಿಂದ ಮುರಿದೆ. ಎರಡನೆಯದನ್ನು ಅಡಿಕೆ ದಬ್ಬೆಯ ತಟ್ಟಿಯ ಮೇಲೆ ಒಂದೇ ಪದರವಾಗಿ ಹರಡಿ, ಬಿಸಿಲು ನೇರವಾಗಿ ಬೀಳದ, ಆದರೆ ದಿನವಿಡೀ ಬೆಳಕಿರುವ ಜಗಲಿಯಲ್ಲಿಟ್ಟೆ. ಮೂರನೆಯದಕ್ಕೆ ಲವಂಗದೆಣ್ಣೆ: ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಡ್ರಮ್ಮಿನೊಳಗೆ ತೂಗುಹಾಕಿ, ಒಂದು ದಿನ ಮುಚ್ಚಿಟ್ಟು, ಮರುದಿನ ಬಾಯಿ ತೆರೆಯುವುದು; ಎರಡು ವಾರಕ್ಕೊಮ್ಮೆ ಹೀಗೆ ಮೂರು ಸಲ.

ನಾಲ್ಕನೆಯದು ನೆರೆಮನೆಯವರೊಬ್ಬರ ಸಲಹೆ. ಪೇಟೆಯಲ್ಲಿ ‘ಶುಗರ್ ಫ್ರೀ’ ಎಂದು ಮಾರುವ ಆಲೂಗೆಡ್ಡೆ ತಿಂಗಳುಗಟ್ಟಲೆ ಮೊಳೆಯುವುದಿಲ್ಲ, ಅದನ್ನೇ ಬಿತ್ತಿದರೆ ಕಾಯುವ ಕೆಲಸವೇ ಇಲ್ಲವಲ್ಲ ಎಂಬುದು ಅವರ ವಾದ. ಇಂಥ ಗಡ್ಡೆಯಲ್ಲಿ ಪಿಷ್ಟ ಸಕ್ಕರೆಯಾಗದಿರಲೆಂದು ಅದನ್ನು 10–12 ಡಿಗ್ರಿಯಲ್ಲಿಡುತ್ತಾರೆ. ಅಷ್ಟು ಬೆಚ್ಚಗಿದ್ದರೆ ಮೊಳೆಯುವುದರಿಂದ ಸಿಐಪಿಸಿ, ಎಂದರೆ ಕ್ಲೋರ್‌ಪ್ರೊಫಾಮ್, ಹೊಗೆಯಾಡಿಸುತ್ತಾರೆ. ಆ ರಾಸಾಯನಿಕ ಗಡ್ಡೆಯ ಕಣ್ಣಿನ, ಎಂದರೆ ಮೊಳಕೆ ಹೊರಡುವ ಕುಳಿಯ, ಜೀವಕೋಶಗಳು ವಿಭಜನೆಯಾಗುವುದನ್ನೇ ತಡೆಯುತ್ತದೆ. ಇದನ್ನೆಲ್ಲ ತಿಳಿದೂ ಇಪ್ಪತ್ತೈದು ಗಡ್ಡೆ ಕೊಂಡೆ, ಕಣ್ಣಾರೆ ನೋಡಿಬಿಡೋಣ ಎಂಬ ಚಪಲಕ್ಕೆ.

ಬಿತ್ತುವ ದಿನ ಅಟ್ಟದ ಗಡ್ಡೆಗಳು ಮುದುಡಿ ಮೆತ್ತಗಾಗಿದ್ದವು. ಮುರಿದ ಪ್ರತಿ ಮೊಳಕೆಯೊಡನೆ ಗಡ್ಡೆಯ ನೀರೂ ಶಕ್ತಿಯೂ ಹೋಗಿರುತ್ತದೆ. ಜಗಲಿಯವು ಹಸಿರಾಗಿದ್ದವು, ಮೊಳಕೆ ಒಂದು ಸೆಂಟಿಮೀಟರಿಗಿಂತ ಉದ್ದವಿರಲಿಲ್ಲ, ಆದರೆ ದಪ್ಪಗೆ, ನೇರಳೆ ಛಾಯೆಯಲ್ಲಿ, ಬುಟ್ಟಿಗೆ ಸುರಿದರೂ ಮುರಿಯದಷ್ಟು ಗಟ್ಟಿಯಾಗಿತ್ತು. (ಹಸಿರಾದ ಗಡ್ಡೆಯಲ್ಲಿ ಸೋಲನೈನ್‌ನಂಥ ವಿಷಾಂಶ ಹೆಚ್ಚಿರುತ್ತದೆ, ಪಲ್ಯಕ್ಕೆಂದು ನಾಲ್ಕು ಎತ್ತಿಕೊಂಡಿದ್ದ ಅತ್ತಿಗೆಯನ್ನು ತಡೆಯಬೇಕಾಯಿತು.) ಲವಂಗದೆಣ್ಣೆಯಲ್ಲಿರುವ ಯೂಜಿನಾಲ್ ಮೊಳಕೆಯ ತುದಿಯನ್ನು ಸುಟ್ಟು ಕಪ್ಪಾಗಿಸಿತ್ತು. ಒಮ್ಮೆ ಮುಚ್ಚಳ ತೆಗೆಯಲು ಮರೆತು, ಉಸಿರುಕಟ್ಟಿ ಹನ್ನೊಂದು ಗಡ್ಡೆ ಕೊಳೆತದ್ದು ನನ್ನದೇ ತಪ್ಪು.

ಗದ್ದೆಯಲ್ಲಿ ಜಗಲಿಯ ಪಾಲು ಹನ್ನೆರಡು ದಿನಕ್ಕೆ ಒಂದೇ ಸಮನಾಗಿ ಎದ್ದಿತು. ನೂರರಲ್ಲಿ 96 ಗಿಡ. ಅಟ್ಟದ್ದು ಮೂರು ವಾರ ಎಳೆದು, 78 ಗಿಡಕ್ಕೆ ನಿಂತಿತು. ಲವಂಗದ ಪಾಲಿನಲ್ಲಿ ಉಳಿದಿದ್ದ 89ರಲ್ಲಿ 83 ಬಂದವು, ಸುಮಾರು ಹದಿನೆಂಟು ದಿನಕ್ಕೆ. ನನಗೆ ಕುತೂಹಲ ಹುಟ್ಟಿಸಿದ್ದು ಈ ಪಾಲೇ. ಗಡ್ಡೆಯ ತುದಿಗಣ್ಣಿನ ಮೊಳಕೆ ಬದುಕಿರುವವರೆಗೆ ಪಕ್ಕದ ಕಣ್ಣುಗಳನ್ನು ಅದುಮಿಟ್ಟಿರುತ್ತದೆ; ಅದು ಸುಟ್ಟುಹೋದದ್ದೇ ಉಳಿದವೆಲ್ಲ ಎದ್ದು, ಬುಡಕ್ಕೆ ನಾಲ್ಕೈದು ಕಾಂಡ ಬಂದವು. ಜಗಲಿಯ ಗಿಡಗಳಲ್ಲಿ ಎರಡು, ಹೆಚ್ಚೆಂದರೆ ಮೂರು. ಕಾಂಡ ಹೆಚ್ಚಿದಷ್ಟೂ ಗಡ್ಡೆಯ ಸಂಖ್ಯೆ ಹೆಚ್ಚುತ್ತದೆ, ಗಾತ್ರ ಇಳಿಯುತ್ತದೆ. ಮಾರ್ಚ್‌ನಲ್ಲಿ ಅಗೆದು ತೂಗಿದಾಗ ಜಗಲಿಯ ಪಾಲು ಬುಡಕ್ಕೆ ಸರಾಸರಿ 480 ಗ್ರಾಂ, ಲವಂಗದ್ದು 430, ಅಟ್ಟದ್ದು 310. ತೂಕದಲ್ಲಿ ಮೊದಲೆರಡಕ್ಕೆ ದೊಡ್ಡ ಅಂತರವಿಲ್ಲದಿದ್ದರೂ ಲವಂಗದ ಗಡ್ಡೆಗಳಲ್ಲಿ ಅರ್ಧಕ್ಕರ್ಧ ನಿಂಬೆಹಣ್ಣಿನಷ್ಟೇ ಇದ್ದವು.

ಬೀಜಕ್ಕೆಂದೇ ಬೆಳೆಯುವವರಿಗೆ ಆ ಗಾತ್ರ ವರವಾದೀತು. ಮಾರ್ಚ್‌ನಲ್ಲಿ ಕಿತ್ತ ಗಡ್ಡೆಯನ್ನು ಮಲೆನಾಡಿನ ಮಳೆಗಾಲ ದಾಟಿಸಿ ಡಿಸೆಂಬರಿಗೆ ಮುಟ್ಟಿಸುವುದು ಶೈತ್ಯಾಗಾರವಿಲ್ಲದ ನನ್ನಂಥವನಿಂದ ಆಗದು. ಬೀಜ ಹೇಗೂ ಕೊಳ್ಳಲೇಬೇಕು. ಆದ್ದರಿಂದ ಈ ವರ್ಷವೂ ಜಗಲಿಯ ತಟ್ಟಿಯೇ, ಅದೇ ತಿಂಗಳಲ್ಲಿ ಅಡಿಕೆ ಸುಲಿತ ಶುರುವಾಗಿ ಜಾಗಕ್ಕೆ ಮನೆಯಲ್ಲಿ ಚೌಕಾಸಿ ನಡೆದರೂ.

ಸಿಐಪಿಸಿಯನ್ನು ಬಿತ್ತನೆಯ ಗಡ್ಡೆಗೆ ಬಳಸುವಂತೆಯೇ ಇಲ್ಲ. ಅದನ್ನು ಹೊಗೆಯಾಡಿಸಿದ ಕೋಣೆಯಲ್ಲಿ, ಅಲ್ಲಿಯ ಪೆಟ್ಟಿಗೆಗಳಲ್ಲಿ ಬೀಜವನ್ನಿಟ್ಟರೂ ಗೋಡೆ-ಮರಕ್ಕೆ ಅಂಟಿದ ಅಂಶವೇ ಮೊಳಕೆಯನ್ನು ಕೆಡಿಸಬಲ್ಲದು. ಐರೋಪ್ಯ ಒಕ್ಕೂಟ 2019ರಲ್ಲಿ ಅದರ ಮಂಜೂರಾತಿಯನ್ನು ನವೀಕರಿಸಲಿಲ್ಲ, ಅದು ಉಣ್ಣುವವರ ಆರೋಗ್ಯದ ಪ್ರಶ್ನೆ. ನಾನು ಹಾಕಿದ ಪೇಟೆಯ ಗಡ್ಡೆಗಳ ಸಾಲಿನಲ್ಲಿ ಇಪ್ಪತ್ತೈದರಲ್ಲಿ ಮೂರು ಎದ್ದವು, ಅದೂ ನಲವತ್ತು ದಿನ ಕಳೆದ ಮೇಲೆ, ಮುರುಟಿದ ಎಲೆಯೊಡನೆ. ಮಾರ್ಚ್‌ನಲ್ಲಿ ಆ ಸಾಲನ್ನು ಅಗೆದಾಗ ಹೆಚ್ಚಿನವು ಕೊಳೆತಿದ್ದವು; ನಾಲ್ಕು ಗಡ್ಡೆಗಳು ಮಾತ್ರ ಕಣ್ಣೂ ಬಿಡದೆ, ಹಾಕಿದ ದಿನದಷ್ಟೇ ಗಟ್ಟಿಯಾಗಿ ಮಣ್ಣಿನಲ್ಲಿ ಕೂತಿದ್ದವು.